ತೆರೆಯ ಮೇಲಿನ ಕವಚವನ್ನು ಮೈಮೇಲೆ ತರಲು: ವಸ್ತು ಮತ್ತು ವಿಧಾನಗಳ ಹೋಲಿಕೆ

ವಿಜ್ಞಾನ ಕಥಾಚಿತ್ರದ ಕವಚವನ್ನು ತೆರೆಯ ಮೇಲೆ ಕಂಡಂತೆಯೇ ಕಟ್ಟಬೇಕೆಂದು ಹೊರಡುವವರು ಮೊದಲು ಕೇಳುವ ಪ್ರಶ್ನೆ ಯಾವ ವಸ್ತು ಒಳ್ಳೆಯದು ಎಂಬುದು. ಫೋಮ್ ಹಗುರ, ಎಬಿಎಸ್ ಪ್ಲಾಸ್ಟಿಕ್ ನಯ, ತ್ರೀಡಿ ಮುದ್ರಣ ನಿಖರ, ಫೈಬರ್‌ಗ್ಲಾಸ್ ಗಟ್ಟಿ ಎಂಬ ಉತ್ತರಗಳೂ ಸಿದ್ಧವಾಗಿಯೇ ಇರುತ್ತವೆ. ಇವುಗಳಲ್ಲಿ ಸುಳ್ಳಿಲ್ಲ, ಆದರೆ ಇಷ್ಟನ್ನೇ ನಂಬಿ ಆರಂಭಿಸಿದ ಕವಚಗಳು ಅರ್ಧಕ್ಕೆ ನಿಲ್ಲುವುದೂ, ಮುಗಿದ ಮೇಲೂ ಎಲ್ಲೋ ತಪ್ಪಿದಂತೆ ಕಾಣುವುದೂ ಸಾಮಾನ್ಯ. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಅಳತೆ: ಭುಜಗಳಿಗೆ ಹೊಂದದಷ್ಟು ದೊಡ್ಡ ಹೆಲ್ಮೆಟ್, ಎದೆಯ ಹಲಗೆಗೂ ಹೊಟ್ಟೆಯ ಹಲಗೆಗೂ ನಡುವೆ ಇಣುಕುವ ಕಪ್ಪು ಬಟ್ಟೆ, ನಡೆಯುವಾಗ ಸುತ್ತಿಕೊಳ್ಳುವ ತೊಡೆಯ ಕವಚ. ಆಮೇಲೆ ಕಾಣುವುದು ಅಂಚು, ಅದರ ನಂತರವೇ ಬಣ್ಣ. ಆದ್ದರಿಂದ ಇಲ್ಲಿ ಪ್ರತಿ ವಿಧಾನವನ್ನೂ ಎರಡು ಪ್ರಶ್ನೆಗಳಿಂದ ಅಳೆಯಲಾಗಿದೆ. ಮೂಲ ಕವಚದ ಅಂಚನ್ನು ಅದು ತೋರಿಸಬಲ್ಲದೇ? ಕಟ್ಟಿದ ಮೇಲೆ ಮೈಗೆ ತಕ್ಕಂತೆ ತಿದ್ದಲು ಎಷ್ಟು ಅವಕಾಶ ಕೊಡುತ್ತದೆ? ಎರಡನೆಯ ಪ್ರಶ್ನೆಗೆ ಹೆಚ್ಚಿನ ತೂಕ ಕೊಡಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಮೊದಲ ಆಯ್ಕೆ: ಯಾವ ಮೂಲ?

‘ತೆರೆಯ ಮೇಲಿದ್ದಂತೆ’ ಎಂಬ ಮಾತು ಕೇಳಲು ಸರಳವಾಗಿದ್ದರೂ ಅದರೊಳಗೆ ಹಲವು ಆಯ್ಕೆಗಳು ಅಡಗಿವೆ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಕವಚದ ಸ್ಟಾರ್ಮ್‌ಟ್ರೂಪರ್ ಸೈನಿಕರನ್ನೇ ತೆಗೆದುಕೊಂಡರೆ, ಆ ಒಂದೇ ಚಿತ್ರದಲ್ಲಿ ಎರಡು ಬಗೆಯ ಹೆಲ್ಮೆಟ್‌ಗಳಿವೆ. ಹತ್ತಿರದ ದೃಶ್ಯಗಳಿಗೆ ಬಳಸಿದ ‘ಹೀರೋ’ ಹೆಲ್ಮೆಟ್ ಬಿಳಿಯ ಎಬಿಎಸ್ ಪ್ಲಾಸ್ಟಿಕ್ಕಿನದು, ಅದರ ಕಣ್ಣಿನ ಮಸೂರ ಗುಳ್ಳೆಯಂತೆ ಹೊರಕ್ಕೆ ಉಬ್ಬಿದೆ. ಉಳಿದ ಬಹುಪಾಲು ಸೈನಿಕರು ತೊಟ್ಟ ‘ಸ್ಟಂಟ್’ ಹೆಲ್ಮೆಟ್ ಎಚ್‌ಡಿಪಿಇ ಪ್ಲಾಸ್ಟಿಕ್ಕಿನದು, ಮೇಲೆ ಬಿಳಿ ಬಣ್ಣ ಬಳಿದದ್ದು, ಮಸೂರ ಉಬ್ಬಿಲ್ಲದ್ದು. ಕೆನ್ನೆ ಮತ್ತು ನೆತ್ತಿಯ ಮೇಲಿನ ಬೂದು-ನೀಲಿ ಗುರುತುಗಳನ್ನು 1977ರಲ್ಲಿ ಕೈಯಿಂದ ಬರೆಯಲಾಗಿತ್ತು. ಅದೇ ಸರಣಿಯ 1983ರ ಚಿತ್ರದ ಹೊತ್ತಿಗೆ ಆ ಜಾಗಕ್ಕೆ ಸ್ಟಿಕ್ಕರುಗಳು ಬಂದವು. ಕೈಬರಹದ ಸಣ್ಣ ಓರೆಕೋರೆಗಳನ್ನು ತಪ್ಪೆಂದು ತಿಳಿದು ಸ್ಟಿಕ್ಕರ್ ಅಂಟಿಸಿದವರು, ತಮಗೆ ಗೊತ್ತಿಲ್ಲದೆಯೇ ಬೇರೊಂದು ಚಿತ್ರದ ಕವಚವನ್ನು ಕಟ್ಟಿರುತ್ತಾರೆ. ಹಾಗಾಗಿ ಚಿತ್ರ, ಪಾತ್ರ, ಸಾಧ್ಯವಾದರೆ ದೃಶ್ಯವನ್ನೂ ಗೊತ್ತುಮಾಡಿಕೊಳ್ಳದೆ ಹಾಳೆ ಕತ್ತರಿಸಲು ಹೊರಡುವುದು ಸಲ್ಲದು.

ನೋಡಿ ಕಟ್ಟಲು ಇಟ್ಟುಕೊಳ್ಳುವ ಚಿತ್ರಗಳಲ್ಲೂ ತರತಮವಿದೆ. ಪ್ರಚಾರಕ್ಕೆ ತೆಗೆದ ಫೋಟೋಗಳಲ್ಲಿ ಬೆಳಕು ಸಮನಾಗಿರುವುದರಿಂದ ಗೆರೆಗಳು ಸ್ಪಷ್ಟ, ಆದರೆ ಅಲ್ಲಿ ತೊಟ್ಟ ಉಡುಪು ಚಿತ್ರದಲ್ಲಿ ಬಳಸಿದ್ದೇ ಆಗಿರಬೇಕೆಂದಿಲ್ಲ. ಚಿತ್ರದಿಂದಲೇ ತೆಗೆದ ಚೌಕಟ್ಟುಗಳು ನಿಜವನ್ನು ತೋರಿಸುತ್ತವೆ. ಆದರೆ ಅಗಲ ಕೋನದ ಲೆನ್ಸಿನಲ್ಲಿ ಹತ್ತಿರದಿಂದ ತೆಗೆದ ದೃಶ್ಯ ಹೆಲ್ಮೆಟ್ಟಿನ ಮೂತಿಯನ್ನು ಉದ್ದ ಮಾಡುತ್ತದೆ, ಬಣ್ಣದ ಬೆಳಕು ಬಿಳಿಯನ್ನು ನೀಲಿಯಾಗಿಯೋ ಹಳದಿಯಾಗಿಯೋ ತೋರಿಸುತ್ತದೆ. ವಸ್ತುಪ್ರದರ್ಶನಗಳಲ್ಲಿ ಇಟ್ಟ ಮೂಲ ಉಡುಪುಗಳ ಫೋಟೋಗಳು ರಚನೆಯನ್ನು ತಿಳಿಯಲು ಅತ್ಯುತ್ತಮ, ಆದರೆ ಹಳೆಯ ಎಬಿಎಸ್ ಹಳದಿಗಟ್ಟುತ್ತದೆ, ಇಲಾಸ್ಟಿಕ್ ಜೋಲುತ್ತದೆ, ಬೊಂಬೆಗೆ ತೊಡಿಸುವವರು ಭಾಗಗಳನ್ನು ಅದಲುಬದಲು ಮಾಡಿರುವುದೂ ಉಂಟು. ಅಳತೆಗೆ ಚಿತ್ರದ ಚೌಕಟ್ಟು, ಜೋಡಣೆಗೆ ಪ್ರದರ್ಶನದ ಫೋಟೋ, ಸಣ್ಣ ವಿವರಗಳಿಗೆ ಪ್ರಚಾರದ ಫೋಟೋ ಎಂದು ವಿಂಗಡಿಸಿಕೊಂಡರೆ ಗೊಂದಲ ಕಡಿಮೆ.

ಗುರಿ ಎಷ್ಟು ಎತ್ತರದ್ದು ಎಂಬುದನ್ನೂ ಇದೇ ಹಂತದಲ್ಲಿ ತೀರ್ಮಾನಿಸಬೇಕು. 1997ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಈಗ ಹಲವು ದೇಶಗಳಲ್ಲಿ ಹರಡಿರುವ ‘501ಸ್ಟ್ ಲೀಜನ್’ ಎಂಬ ಹವ್ಯಾಸಿಗಳ ಸಂಘ ಪ್ರತಿ ಪಾತ್ರದ ಉಡುಪಿಗೂ ಲಿಖಿತ ಮಾನದಂಡವನ್ನು ಇಟ್ಟುಕೊಂಡಿದೆ. ಸದಸ್ಯರಾಗಬಯಸುವವರು ತಮ್ಮ ಉಡುಪಿನ ಫೋಟೋಗಳನ್ನು ಕಳುಹಿಸಿ ಒಪ್ಪಿಗೆ ಪಡೆಯಬೇಕು. ಸ್ಟಾರ್ಮ್‌ಟ್ರೂಪರ್ ಉಡುಪಿಗೆ ಮೂಲ ಒಪ್ಪಿಗೆಯ ಮೇಲೆ ಇನ್ನೂ ಎರಡು ಹಂತಗಳಿದ್ದು, ಕೊನೆಯದನ್ನು ‘ಸೆಂಚುರಿಯನ್’ ಎನ್ನುತ್ತಾರೆ. ಈ ಮಾನದಂಡಗಳು ಎಷ್ಟು ಗಟ್ಟಿಯೆಂದರೆ, 2019ರಲ್ಲಿ ಬಂದ ‘ದ ಮ್ಯಾಂಡಲೋರಿಯನ್’ ಸರಣಿಯ ಚಿತ್ರೀಕರಣದಲ್ಲಿ ಸೈನಿಕರ ಉಡುಪುಗಳು ಸಾಲದೆ ಬಂದಾಗ ಈ ಸಂಘದ ಸದಸ್ಯರನ್ನೇ ಕರೆಸಿ, ಅವರು ಕಟ್ಟಿಕೊಂಡಿದ್ದ ಕವಚಗಳಲ್ಲೇ ಕ್ಯಾಮೆರಾದ ಮುಂದೆ ನಿಲ್ಲಿಸಲಾಯಿತು. ಸಂಘಕ್ಕೆ ಸೇರುವ ಆಸೆ ಇರಲಿ ಬಿಡಲಿ, ಕಟ್ಟುವ ಪಾತ್ರಕ್ಕೆ ಇಂಥದೊಂದು ಲಿಖಿತ ಮಾನದಂಡ ಇದ್ದರೆ ಅದನ್ನು ಮೊದಲೇ ಓದಿಕೊಳ್ಳುವುದು ಜಾಣತನ. ಯಾವ ವಸ್ತು ಸಲ್ಲುತ್ತದೆ, ಎಲ್ಲಿ ಜೋಡಣೆಯ ಗೆರೆ ಕಾಣಬಹುದು, ಎಲ್ಲಿ ಕಾಣಬಾರದು ಎಂಬ ಮಾತುಗಳು ಅಲ್ಲಿಯೇ ಸಿಗುತ್ತವೆ.

ನಿರ್ವಾತದಲ್ಲಿ ಎಳೆದ ಎಬಿಎಸ್

ಬಿಸಿ ಮಾಡಿ ಮೆದುವಾಗಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿಯನ್ನು ಹೀರಿ, ಅಚ್ಚಿನ ಆಕಾರಕ್ಕೆ ಅಂಟುವಂತೆ ಮಾಡುವ ವಿಧಾನವಿದು. 1977ರ ಬಿಳಿ ಕವಚಗಳು ಹೀಗೆಯೇ ತಯಾರಾದವು. ಮೂಲವೇ ಹೀಗಿರುವಾಗ ಅನುಕರಣೆಗೆ ಬೇರೆ ವಿಧಾನ ಹುಡುಕುವ ಅಗತ್ಯ ಬಲುಮಟ್ಟಿಗೆ ಇಲ್ಲ. ಹಾಳೆಯ ಸಹಜ ಹೊಳಪು, ಮೂಲೆಗಳಲ್ಲಿ ತುಸು ತೆಳುವಾಗುವ ಅದರ ಗುಣ, ಅಂಚಿನ ಎರಡು ಮಿಲಿಮೀಟರ್ ಆಸುಪಾಸಿನ ದಪ್ಪ, ಬೆಳಕು ಬಿದ್ದಾಗ ಮೇಲ್ಮೈಯಲ್ಲಿ ಕಾಣುವ ಮೃದುವಾದ ಅಲೆ, ಇವೆಲ್ಲ ಬೇರೆ ವಸ್ತುವಿನಲ್ಲಿ ಬಣ್ಣದ ಕೆಲಸದಿಂದ ಸೃಷ್ಟಿಸಬೇಕಾದವು, ಇಲ್ಲಿ ತಾವಾಗಿಯೇ ಒದಗುತ್ತವೆ. ಬಣ್ಣ ಬಳಿಯದೆ ಬಿಡಬಹುದಾದ್ದರಿಂದ ಗೀರು ಬಿದ್ದರೂ ಒಳಗಿನಿಂದ ಬಿಳಿಯೇ ಕಾಣುತ್ತದೆ.

ತಿದ್ದುವ ವಿಷಯದಲ್ಲಿ ಎಬಿಎಸ್‌ಗೆ ಸರಿಸಾಟಿಯಾದ ವಸ್ತು ಕಡಿಮೆ. ಚಾಕುವಿನಿಂದ ಗೀರಿ ಬಾಗಿಸಿದರೆ ನೇರ ಗೆರೆಯಲ್ಲಿ ಮುರಿಯುತ್ತದೆ. ಬಾಗು ಅಂಚುಗಳಿಗೆ ವಕ್ರ ಬಾಯಿಯ ಕತ್ತರಿ ಸಾಕು. ಮೊಣಕಾಲಿನ ಕೆಳಗಿನ ಕವಚವನ್ನು ಉದಾಹರಣೆಗೆ ನೋಡಬಹುದು. ಒಳಬದಿಯ ಮತ್ತು ಹೊರಬದಿಯ ಅರ್ಧಗಳನ್ನು ಮುಂದೆ ಕೂಡಿಸಿದಾಗ, ಕಾಲು ತೂರಿಸಲು ತೆರೆದಿಟ್ಟ ಹಿಂಬದಿಯ ಎರಡು ಅಂಚುಗಳು ಒಂದನ್ನೊಂದು ಮುಟ್ಟದೆ ಬಾಯಿ ಬಿಟ್ಟುಕೊಂಡು ನಿಲ್ಲುವುದುಂಟು. ಅಗಲವಾದ ಪಾತ್ರೆಯಲ್ಲಿ ಕುದಿಯುವುದಕ್ಕೆ ತುಸು ಮೊದಲಿನ ನೀರಿಟ್ಟು, ಅಂಚಿನ ಒಂದು ಪಟ್ಟಿಯನ್ನು ಮಾತ್ರ ಅದರಲ್ಲಿ ಮುಳುಗಿಸಿ, ದಪ್ಪ ಕೈಗವಸು ತೊಟ್ಟು ನಿಧಾನವಾಗಿ ಒಳಕ್ಕೆ ಒತ್ತಿದರೆ, ಮೊದಲು ಏನೂ ಆಗದಂತೆ ಇದ್ದ ಪ್ಲಾಸ್ಟಿಕ್ ಒಂದು ಹೊತ್ತಿನಲ್ಲಿ ಬೆರಳಿನ ಒತ್ತಡಕ್ಕೆ ಸೋಲುವುದು ಕೈಗೇ ತಿಳಿಯುತ್ತದೆ. ಕೂಡಲೇ ಹೊರತೆಗೆದು, ಬೇಕಾದ ಬಾಗಿಗಿಂತ ಒಂದಿಷ್ಟು ಹೆಚ್ಚೇ ಬಾಗಿಸಿ, ತಣ್ಣೀರಿಗೆ ಹಿಡಿದರೆ ಆಕಾರ ನಿಲ್ಲುತ್ತದೆ. ಎಬಿಎಸ್ ಮೆದುವಾಗುವ ಮಟ್ಟ ಸುಮಾರು 105 ಡಿಗ್ರಿ ಸೆಲ್ಸಿಯಸ್ ಆದ್ದರಿಂದ ಬಿಸಿನೀರು ಅದನ್ನು ಬಾಗಿಸುವಷ್ಟು ಸಡಿಲಗೊಳಿಸುತ್ತದೆ, ಕರಗಿಸುವುದಿಲ್ಲ. ಬಿಸಿಗಾಳಿ ಊದುವ ಹೀಟ್ ಗನ್ ಬಳಸಿದರೆ ಈ ರಕ್ಷಣೆ ಇಲ್ಲ. ಕ್ಷಣ ಮೈಮರೆತರೆ ಮೇಲ್ಮೈ ಸುಕ್ಕುಗಟ್ಟಿ ಹೊಳಪು ಹೋಗುತ್ತದೆ.

ಎರಡು ಅರ್ಧಗಳನ್ನು ಕೂಡಿಸುವುದರಲ್ಲೂ ಎರಡು ದಾರಿಗಳಿವೆ. ಒಂದರ ಮೇಲೊಂದು ಹೊದಿಸಿ ಅಂಟಿಸುವುದು ಸುಲಭ ಮತ್ತು ಗಟ್ಟಿ. ಅಂಚಿಗೆ ಅಂಚು ತಾಗಿಸಿ, ಒಳಗೊಂದು ಪಟ್ಟಿ ಕೊಟ್ಟು, ಹೊರಗೆ ಸುಮಾರು 15ರಿಂದ 25 ಮಿಲಿಮೀಟರ್ ಅಗಲದ ಮುಚ್ಚುಪಟ್ಟಿಯನ್ನು ಅಂಟಿಸುವುದು ಮೂಲದಲ್ಲಿದ್ದ ಕ್ರಮ. ಎರಡನೆಯದಕ್ಕೆ ಶ್ರಮ ಹೆಚ್ಚು, ಆದರೂ ಅದನ್ನೇ ಆರಿಸಿಕೊಳ್ಳಬೇಕು. ಏಕೆಂದರೆ ಕವಚವನ್ನು ಚಿಕ್ಕದಾಗಿಸಲು ಎರಡೂ ಅಂಚುಗಳನ್ನು ಸಮನಾಗಿ ಕತ್ತರಿಸಬಹುದು, ದೊಡ್ಡದಾಗಿಸಲು ನಡುವೆ ಹಾಳೆಯ ತುಂಡು ಸೇರಿಸಬಹುದು, ಮುಚ್ಚುಪಟ್ಟಿ ಎಲ್ಲವನ್ನೂ ಮರೆಸುತ್ತದೆ. ಅಂಟಿನ ಆಯ್ಕೆಯೂ ಇದೇ ತರ್ಕವನ್ನು ಅನುಸರಿಸಬೇಕು. ಸೂಪರ್ ಗ್ಲೂ ಕ್ಷಣದಲ್ಲಿ ಹಿಡಿಯುತ್ತದೆ, ಆದರೆ ಒಣಗಿದ ಮೇಲೆ ಬಿರುಸಾಗಿ, ಬಾಗಿದಾಗ ಪಟ್ಟನೆ ಬಿಟ್ಟುಕೊಳ್ಳುತ್ತದೆ. ಅಸಿಟೋನಿನಲ್ಲಿ ಎಬಿಎಸ್ ಚೂರುಗಳನ್ನು ಕರಗಿಸಿ ಮಾಡಿದ ಗಸಿ ಎರಡು ತುಂಡುಗಳನ್ನು ಒಂದೇ ಆಗಿಸುತ್ತದೆ. ಸಂದು ತುಂಬಲು ಅದು ಬಲು ಒಳ್ಳೆಯದು, ಆದರೆ ಹಾಕಿದ ಮೇಲೆ ಹಿಂದೆ ತೆಗೆಯಲಾಗದು. ಇ-6000 ಎಂಬ ಅಂಟು ಪೂರ್ತಿ ಗಟ್ಟಿಯಾಗಲು ಒಂದರಿಂದ ಮೂರು ದಿನ ಬೇಡುತ್ತದೆ, ಅಷ್ಟು ಹೊತ್ತು ಒಳಗೂ ಹೊರಗೂ ಅಯಸ್ಕಾಂತಗಳನ್ನಿಟ್ಟು ಹಿಡಿದಿಡಬೇಕಾಗುತ್ತದೆ. ಪ್ರತಿಯಾಗಿ ಅದು ರಬ್ಬರಿನಂತೆ ಬಾಗುತ್ತದೆ, ಅಳತೆ ತಪ್ಪಿದ್ದರೆ ನಿಧಾನವಾಗಿ ಸುಲಿದು ಮತ್ತೆ ಅಂಟಿಸಲು ಬಿಡುತ್ತದೆ. ತಾಳ್ಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಅಂಟಿಲ್ಲ.

ಎಬಿಎಸ್‌ನ ಕೊರತೆಗಳೂ ಸಣ್ಣವಲ್ಲ. ಬಿಸಿಲಿಗೆ ಹಳದಿಗಟ್ಟುತ್ತದೆ, ಅಕ್ರಿಲಿಕ್ ಪದರವಿರುವ ಹಾಳೆಯಲ್ಲಿ ಈ ತೊಂದರೆ ಕಡಿಮೆ. ಒಬ್ಬ ತಯಾರಕರ ಕಿಟ್‌ಗಳು, ಅಂದರೆ ಕೊಂಡು ಜೋಡಿಸಿಕೊಳ್ಳುವ ಬಿಡಿ ಭಾಗಗಳ ಕಟ್ಟುಗಳು, ಒಂದೇ ಅಚ್ಚಿನಿಂದ ಬರುವುದರಿಂದ ಬಹಳ ಎತ್ತರದವರೂ ದಪ್ಪ ಮೈಯವರೂ ಹೆಚ್ಚು ತುಂಡುಗಳನ್ನು ಸೇರಿಸಬೇಕಾಗುತ್ತದೆ. ಅಚ್ಚು ಮತ್ತು ಯಂತ್ರ ಎರಡನ್ನೂ ಸ್ವತಃ ಮಾಡಿಕೊಳ್ಳಲು ಹೊರಟರೆ ಅದೇ ಬೇರೊಂದು ಹವ್ಯಾಸವಾಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಕಾಣುವ ಎಚ್‌ಐಪಿಎಸ್ ಎಂಬ ಪ್ಲಾಸ್ಟಿಕ್ಕಿನ ಹಾಳೆ ನೋಡಲು ಇದರಂತೆಯೇ ಇದ್ದರೂ ಪೆಟ್ಟಿಗೆ ಬೇಗ ಬಿರುಕು ಬಿಡುತ್ತದೆ. ಪದೇ ಪದೇ ತೊಡುವ ಉಡುಪಿಗೆ ಅದು ಸಲ್ಲದು.

ತ್ರೀಡಿ ಮುದ್ರಣ

ಕಿಟ್ ಸಿಗದ ಪಾತ್ರಗಳಿಗೆ ಈಗ ಹೆಚ್ಚಿನವರು ಹಿಡಿಯುವ ದಾರಿ ಇದು. ಗಣಕದಲ್ಲಿ ಮಾದರಿಯನ್ನು ಬೇಕಾದ ಅಳತೆಗೆ ಹಿಗ್ಗಿಸಿ ಕುಗ್ಗಿಸಬಹುದಾದ್ದರಿಂದ ಮೈಯಳತೆಗೆ ಇದಕ್ಕಿಂತ ಅನುಕೂಲವಾದದ್ದಿಲ್ಲವೆಂದು ತೋರುತ್ತದೆ. ಅದು ಮುದ್ರಿಸುವ ಮೊದಲಿನ ಮಾತು. ಮುದ್ರಿಸಿ ಉಜ್ಜಿ ಬಣ್ಣ ಬಳಿದ ಮೇಲೆ ತೊಡೆಯ ಕವಚ ಒಂದು ಬೆರಳಿನಷ್ಟು ಬಿಗಿಯಾಗಿದೆಯೆಂದು ತಿಳಿದರೆ, ಎಬಿಎಸ್‌ನಲ್ಲಿ ಮಾಡುವಂತೆ ಅಂಚು ಬಿಡಿಸಿ ಪಟ್ಟಿ ಸೇರಿಸಿ ಮುಗಿಸಲಾಗದು. ಬಹುಮಟ್ಟಿಗೆ ಮತ್ತೆ ಮುದ್ರಿಸಬೇಕು. ಒಂದು ಹೆಲ್ಮೆಟ್ ಮುದ್ರಣವಾಗಲು ಹತ್ತಾರು ಗಂಟೆಗಳು ಹಿಡಿಯುವಾಗ ಇದು ಸಣ್ಣ ಮಾತಲ್ಲ. ಆದ್ದರಿಂದ ಪೂರ್ಣ ಭಾಗವನ್ನು ಮುದ್ರಿಸುವ ಮೊದಲು ಅದರ ತೆಳುವಾದ ಬಳೆಯಂಥ ಅಡ್ಡಸೀಳನ್ನು ಮಾತ್ರ ಮುದ್ರಿಸಿ, ತಲೆಗೋ ತೊಡೆಗೋ ತೂರಿಸಿ ನೋಡಬೇಕು. ಹೆಲ್ಮೆಟ್ಟಿಗೆ ಬಳೆ ಕಿವಿಯ ಮಟ್ಟದಲ್ಲಿದ್ದರೆ ಸಾಲದು, ಕತ್ತಿನ ಬಾಯಿಯ ಮಟ್ಟದಲ್ಲೂ ಒಂದು ಬೇಕು. ತಲೆ ಒಳಗೆ ಹಿಡಿಸುವ ಹೆಲ್ಮೆಟ್ ಕತ್ತಿನಲ್ಲಿ ಇಳಿಯದೆ ನಿಲ್ಲುವುದೇ ಹೆಚ್ಚು.

ಸಾಮಾನ್ಯ ಮುದ್ರಣದಲ್ಲಿ ಪ್ರತಿ ಪದರ 0.2 ಮಿಲಿಮೀಟರ್ ಎತ್ತರವಿದ್ದು, ಬಾಗಿದ ಮೇಲ್ಮೈಯಲ್ಲಿ, ಮುಖ್ಯವಾಗಿ ನೆತ್ತಿಯಲ್ಲಿ, ಆ ಪದರಗಳು ಮೆಟ್ಟಿಲುಗಳಾಗಿ ಕಾಣುತ್ತವೆ. 80 ಅಥವಾ 120ರ ಸ್ಯಾಂಡ್‌ಪೇಪರಿನಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಉಜ್ಜಿದಾಗ ಬಿಳಿ ಪುಡಿ ಮೇಲೆದ್ದು, ಎಲ್ಲವೂ ನಯವಾಯಿತೆನ್ನಿಸುತ್ತದೆ. ಬೂದು ಪ್ರೈಮರ್ ಹೊಡೆದು, ದೀಪವನ್ನು ಮೇಲ್ಮೈಗೆ ಸಮಾನಾಂತರವಾಗಿ ಹಿಡಿದಾಗಲೇ ನಿಜ ತಿಳಿಯುವುದು: ಮಾಯವಾದಂತಿದ್ದ ಗೆರೆಗಳು ಮತ್ತೆ ಒಂದೊಂದಾಗಿ ನೆರಳು ಬೀಳಿಸುತ್ತ ಎದ್ದು ನಿಲ್ಲುತ್ತವೆ. ಪುಟ್ಟಿ ತುಂಬುವುದು, 220ರಿಂದ ಉಜ್ಜುವುದು, ಮತ್ತೆ ಪ್ರೈಮರ್, 400ರಿಂದ ಉಜ್ಜುವುದು, ಮತ್ತೆ ದೀಪ. ಮಾಸಲು ಬಣ್ಣದ, ಗೀರುಬಿದ್ದ ಕವಚಕ್ಕೆ ಇದನ್ನು ಬೇಗ ನಿಲ್ಲಿಸಬಹುದು. ಹೊಳಪಿನ ಕಪ್ಪು ಅಥವಾ ಕ್ರೋಮ್ ಬೇಕಿದ್ದರೆ ನಿಲ್ಲಿಸಲಾಗದು, ಏಕೆಂದರೆ ಹೊಳಪು ಪ್ರತಿ ಗೆರೆಯನ್ನೂ ಹಿಗ್ಗಿಸಿ ತೋರಿಸುತ್ತದೆ. ಮುದ್ರಿಸಬೇಕೆನ್ನುವವರು ತಮ್ಮ ಪಾತ್ರದ ಕವಚ ಹೊಳೆಯುತ್ತದೆಯೇ ಇಲ್ಲವೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಯಂತ್ರ ಕರಗಿಸಿ ಪದರ ಪದರವಾಗಿ ಹಾಕುವ ಪ್ಲಾಸ್ಟಿಕ್ ಎಳೆಯ ಆಯ್ಕೆಯೂ ಮುಖ್ಯ. ಪಿಎಲ್‌ಎ ಸುಲಭವಾಗಿ ಮುದ್ರಣವಾಗುತ್ತದೆ, ಚೆನ್ನಾಗಿ ಉಜ್ಜಿಸಿಕೊಳ್ಳುತ್ತದೆ, ಆದರೆ ಸುಮಾರು 60 ಡಿಗ್ರಿಯಲ್ಲೇ ಮೆದುವಾಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಎದೆಯ ಕವಚ ಸೊಟ್ಟಗಾಗಲು ಅಷ್ಟು ಸಾಕು. ಪಿಇಟಿಜಿ 80 ಡಿಗ್ರಿಯವರೆಗೆ ತಡೆಯುತ್ತದೆ, ಬಾಗುತ್ತದೆ, ಆದರೆ ಉಜ್ಜುವಾಗ ಪುಡಿಯಾಗುವ ಬದಲು ನಾರುನಾರಾಗಿ ಎಳೆಯುತ್ತದೆ. ಎಬಿಎಸ್ ಎಳೆ ಬಿಸಿ ತಡೆಯುವುದರಲ್ಲಿ ಎಲ್ಲಕ್ಕಿಂತ ಮೇಲು, ದೊಡ್ಡ ಭಾಗಗಳಲ್ಲಿ ಮಾತ್ರ ಮೂಲೆಗಳು ಮೇಲೆದ್ದು ಸೀಳುತ್ತವೆ. ಮುಚ್ಚಿದ ಪೆಟ್ಟಿಗೆಯ ಯಂತ್ರವಿಲ್ಲದವರು ಅದನ್ನು ಮುಟ್ಟದಿರುವುದೇ ಲೇಸು. ದ್ರವ ರಾಳವನ್ನು (ರೆಸಿನ್) ಬೆಳಕಿನಿಂದ ಗಟ್ಟಿಯಾಗಿಸುವ ಮುದ್ರಣ ಸಣ್ಣ ಗುಂಡಿ, ಕೊಳವೆ, ಲಾಂಛನಗಳಿಗೆ ಸೊಗಸು, ದೊಡ್ಡ ಕವಚಕ್ಕೆ ಬಿರುಸು. ಗಟ್ಟಿಯಾಗದ ರಾಳ ಚರ್ಮಕ್ಕೆ ತಾಗಿದರೆ ಅಲರ್ಜಿಯಾಗುವುದರಿಂದ ಕೈಗವಸು ಕಡ್ಡಾಯ.

ಮಾದರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. 1977ರ ಸ್ಟಾರ್ಮ್‌ಟ್ರೂಪರ್ ಹೆಲ್ಮೆಟ್ಟೂ ಅದೇ ಚಿತ್ರದ ಖಳನಾಯಕ ಡಾರ್ತ್ ವೇಡರನ ಮುಖವಾಡವೂ ಕೈಯಿಂದ ಕೆತ್ತಿದ ಮೂಲಗಳಿಂದ ಬಂದವು, ಹಾಗಾಗಿ ಅವುಗಳ ಎಡ-ಬಲ ಭಾಗಗಳು ಒಂದರಂತೆ ಇನ್ನೊಂದಿಲ್ಲ. ಗಣಕದಲ್ಲಿ ಅರ್ಧ ಮುಖ ಮಾಡಿ ಕನ್ನಡಿಯಂತೆ ಪ್ರತಿಬಿಂಬಿಸಿದ ಮಾದರಿಗಳು ನೋಡಲು ಚೊಕ್ಕವಾಗಿರುತ್ತವೆ, ಮೂಲಕ್ಕೆ ಮಾತ್ರ ದೂರವಾಗಿರುತ್ತವೆ. ಇಂಥ ಪಾತ್ರಗಳಿಗೆ ಮೂಲದ ಅಚ್ಚುಗಳ ಪರಂಪರೆಯಿಂದ ಬಂದ ಕಿಟ್‌ಗಳೇ ಮೇಲು. ಗಣಕದಲ್ಲೇ ವಿನ್ಯಾಸಗೊಂಡ ಈಚಿನ ಚಿತ್ರಗಳ ಕವಚಗಳಿಗೆ ಈ ಆಕ್ಷೇಪ ಅನ್ವಯಿಸುವುದಿಲ್ಲ.

ಇವಿಎ ಫೋಮ್

ರಬ್ಬರಿನಂತೆ ಬಾಗುವ ಈ ಹಗುರ ಫೋಮನ್ನು ಕಲಿಯುವವರ ವಸ್ತುವೆಂದು ಕಡೆಗಣಿಸುವುದುಂಟು, ಅದು ಸರಿಯಲ್ಲ. ಘನ ಮೀಟರಿಗೆ 100 ಕಿಲೋ ಆಸುಪಾಸಿನ ಸಾಂದ್ರತೆಯ ಹಾಳೆಯನ್ನು ಹೊಸ ಬ್ಲೇಡಿನಿಂದ ಒಂದೇ ಎಳೆತದಲ್ಲಿ ಕತ್ತರಿಸಿ, 45 ಡಿಗ್ರಿ ಓರೆಯಲ್ಲಿ ಅಂಚಿಗೆ ಅಂಚು ಕೂಡಿಸಿ, ಹೀಟ್ ಗನ್ನಿನಿಂದ ಮೇಲ್ಮೈಯ ರಂಧ್ರಗಳನ್ನು ಮುಚ್ಚಿದರೆ ದೂರದಿಂದ ಲೋಹವೆನ್ನಿಸುವ ಕವಚ ಬರುತ್ತದೆ. ದೊಡ್ಡ ಆಕಾರಕ್ಕೆ 10 ಮಿಲಿಮೀಟರ್, ಮೇಲಿನ ಹೊದಿಕೆಗಳಿಗೆ 4 ಅಥವಾ 5, ಅಲಂಕಾರದ ಗೆರೆಗಳಿಗೆ 2 ಎಂದು ದಪ್ಪಗಳನ್ನು ಬೆರೆಸಿದರೆ ಮೇಲ್ಮೈಗೆ ಜೀವ ಬರುತ್ತದೆ. ತಿದ್ದಲು ಬೇಕಾದಷ್ಟು ಅವಕಾಶವಿದೆ: ಕಾಂಟ್ಯಾಕ್ಟ್ ಅಂಟಿನ ಜೋಡಣೆಯನ್ನು ಬ್ಲೇಡಿನಿಂದ ಸೀಳಿ, ತುಂಡು ಸೇರಿಸಿ, ಮತ್ತೆ ಮುಚ್ಚಬಹುದು. ಕುಳಿತುಕೊಳ್ಳಬೇಕಾದ, ಓಡಬೇಕಾದ, ಗುಂಪಿನಲ್ಲಿ ನುಗ್ಗಬೇಕಾದ ಉಡುಪಿಗೆ ಇದರಷ್ಟು ಹಿತವಾದದ್ದು ಬೇರೆ ಇಲ್ಲ. ಸೋಲುವುದು ಅಂಚಿನಲ್ಲಿ. ಎರಡು ಮಿಲಿಮೀಟರ್ ದಪ್ಪದ ಗಟ್ಟಿ ಅಂಚು, ಅದರ ಮೇಲೆ ಒಡೆಯದ ಹೊಳಪು ಬಣ್ಣ, ಇವೆರಡೂ ಫೋಮಿಗೆ ಒಗ್ಗುವುದಿಲ್ಲ; ಬಾಗುವ ಲೇಪವಿಲ್ಲದೆ ಬಳಿದ ಬಣ್ಣ ಮೊಣಕೈ ಮಡಿಸಿದಲ್ಲೆಲ್ಲ ಜಾಲದಂತೆ ಬಿರಿಯುತ್ತದೆ. ಹತ್ತಿರದಿಂದ ತೆಗೆಯುವ ಫೋಟೋಗಳಿಗಾಗಿ ಬಿಳಿ ಹೊಳಪಿನ ಕವಚವನ್ನು ಫೋಮಿನಲ್ಲಿ ಕಟ್ಟುವುದು ವ್ಯರ್ಥ ಶ್ರಮ. ಭಾರವಾದ, ಮಾಸಲು ಬಣ್ಣದ ಯಂತ್ರದಂಥ ಕವಚಗಳಿಗೆ ಅದೇ ಮೊದಲ ಆಯ್ಕೆಯಾಗಬಹುದು. ಕಾಂಟ್ಯಾಕ್ಟ್ ಅಂಟಿನ ದ್ರಾವಕದ ಆವಿಗೆ ಬಟ್ಟೆಯ ಮಾಸ್ಕ್ ತಡೆಯಲ್ಲ. ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಫೈಬರ್‌ಗ್ಲಾಸ್, ಎರಕ, ಪಿವಿಸಿ

ಗಾಜಿನ ನಾರಿಗೆ ರಾಳ ಕೂಡಿಸಿ ಮಾಡುವ ಫೈಬರ್‌ಗ್ಲಾಸ್ ಭಾಗಗಳು ಗಟ್ಟಿ, ಬಣ್ಣ ಹಿಡಿಯುವುದರಲ್ಲಿ ಉತ್ತಮ. ಹೊಳಪಿನ ಕಪ್ಪು ಹೆಲ್ಮೆಟ್‌ಗಳಿಗೆ ಇಂದಿಗೂ ಹಲವರು ಇದನ್ನೇ ಬಯಸುತ್ತಾರೆ. ಮಾಡುವ ಕೆಲಸ ಮಾತ್ರ ಅಸಹ್ಯಕರ: ಪಾಲಿಯೆಸ್ಟರ್ ರಾಳದ ಸ್ಟೈರೀನ್ ವಾಸನೆ, ಉಜ್ಜಿದಾಗ ಚರ್ಮಕ್ಕೂ ಶ್ವಾಸಕ್ಕೂ ಹೊಕ್ಕುವ ಗಾಜಿನ ಧೂಳು. ವಾಸದ ಮನೆಯೊಳಗೆ ಇದನ್ನು ಮಾಡಲೇಬಾರದು. ಬಾಗುವುದಿಲ್ಲವಾದ್ದರಿಂದ ತಿದ್ದಲು ಗರಗಸವೇ ಬೇಕು. ಪಾಲಿಯುರಿಥೇನ್ ಎರಕಕ್ಕೆ ಒಂದು ಗುಣ ವಿಶೇಷವಾಗಿದೆ: ಸಿಲಿಕೋನ್ ಅಚ್ಚಿಗೆ ಅಲ್ಯೂಮಿನಿಯಂ ಪುಡಿ ಸವರಿ ರಾಳ ಎರೆದು, ಗಟ್ಟಿಯಾದ ಮೇಲೆ ಉಕ್ಕಿನ ಉಣ್ಣೆಯಿಂದ ಉಜ್ಜಿದರೆ ಮೇಲ್ಮೈಯೇ ಲೋಹವಾಗಿ ಹೊಳೆಯುತ್ತದೆ, ಸವೆದರೂ ಬಣ್ಣ ಕಿತ್ತುಬರುವುದಿಲ್ಲ.

ಚಪ್ಪಟೆ ಹಲಗೆಗಳಿಂದಾದ ಕವಚಕ್ಕೆ ಮೂರು ಮಿಲಿಮೀಟರಿನ ಪಿವಿಸಿ ಫೋಮ್ ಹಾಳೆ ಅಗ್ಗದ ಮತ್ತು ಗೌರವಾರ್ಹ ಪರ್ಯಾಯ. ಬಿಸಿ ಮಾಡಿದರೆ ಬಾಗುತ್ತದೆ, ಚೆನ್ನಾಗಿ ಬಣ್ಣ ಹಿಡಿಯುತ್ತದೆ. ಎರಡು ದಿಕ್ಕಿನಲ್ಲಿ ಬಾಗಿದ ಆಕಾರಗಳು ಅದರಲ್ಲಿ ಬರುವುದಿಲ್ಲ, ಅತಿಯಾಗಿ ಕಾಯಿಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ.

ಒಂದೇ ಉಡುಪಿನಲ್ಲಿ ಎರಡು-ಮೂರು ವಸ್ತುಗಳನ್ನು ಬೆರೆಸುವುದಕ್ಕೆ ಹಿಂಜರಿಯಬೇಕಾಗಿಲ್ಲ. ಚಿತ್ರತಂಡಗಳೂ ಹತ್ತಿರದ ದೃಶ್ಯಕ್ಕೆ ಗಟ್ಟಿ ಭಾಗ, ಬೀಳುವ ದೃಶ್ಯಕ್ಕೆ ಮೆದು ಭಾಗ ಬಳಸುತ್ತವೆ. ಹೆಲ್ಮೆಟ್ ಮತ್ತು ಎದೆ ಮುದ್ರಿಸಿದ್ದು, ತೊಡೆ ಮತ್ತು ರಟ್ಟೆ ಫೋಮಿನವು, ಗುಂಡಿಗಳು ರಾಳದವು ಎಂಬ ಮಿಶ್ರಣದಲ್ಲಿ ದೋಷವಿಲ್ಲ. ಆದರೆ ಅಕ್ಕಪಕ್ಕದ ಎರಡು ಭಾಗಗಳ ಅಂಚಿನ ದಪ್ಪ ಒಂದೇ ಆಗಿರಬೇಕು. ಎದೆ ಮೂರು ಮಿಲಿಮೀಟರ್, ಅದಕ್ಕೆ ತಾಗಿದ ಭುಜ ಹತ್ತು ಮಿಲಿಮೀಟರ್ ಆದರೆ ಯಾವ ಬಣ್ಣವೂ ಅದನ್ನು ಮುಚ್ಚಲಾರದು.

ಕೊಳ್ಳುವುದೋ, ಕಟ್ಟುವುದೋ?

ಸಿದ್ಧ ಉಡುಪು, ಬಿಡಿ ಭಾಗಗಳ ಕಿಟ್, ಆರಂಭದಿಂದ ಸ್ವಂತ ತಯಾರಿ, ಈ ಮೂರರಲ್ಲಿ ಹೆಚ್ಚಿನವರಿಗೆ ನಡುವಿನದೇ ಹೊಂದುತ್ತದೆ. ಸಿದ್ಧ ಉಡುಪಿನಲ್ಲಿ ಅಂಚುಗಳನ್ನು ಬೇರೆಯವರ ಮೈಗೆ ಕತ್ತರಿಸಿರುತ್ತಾರೆ. ಕತ್ತರಿಸಿದ್ದನ್ನು ಬೆಳೆಸುವುದು ಕಷ್ಟ. ಕಿಟ್ ಕೊಳ್ಳುವಾಗ ಅಂಚುಗಳನ್ನು ಕತ್ತರಿಸದೆ ಕಳುಹಿಸಲು ಕೇಳುವುದು ಒಳ್ಳೆಯದು. ಕಿಟ್ ಎಲ್ಲಿಂದ ಬಂತು ಎಂಬುದೂ ನೋಡಬೇಕಾದ ವಿಷಯ: ಒಬ್ಬರು ವರ್ಷಗಟ್ಟಲೆ ಕೆತ್ತಿದ ಭಾಗದಿಂದ ಇನ್ನೊಬ್ಬರು ಅಚ್ಚು ತೆಗೆದು ಮಾರುವ ನಕಲುಗಳು ಪ್ರತಿ ಬಾರಿಯೂ ತುಸು ಕುಗ್ಗಿ, ವಿವರಗಳನ್ನು ಕಳೆದುಕೊಳ್ಳುತ್ತವೆ. ಹಕ್ಕಿನ ಪ್ರಶ್ನೆ ದೇಶದಿಂದ ದೇಶಕ್ಕೆ ಬೇರೆ. ಸ್ಟಾರ್ಮ್‌ಟ್ರೂಪರ್ ಹೆಲ್ಮೆಟ್ ಕುರಿತ ಮೊಕದ್ದಮೆಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 2011ರಲ್ಲಿ ಅದು ಶಿಲ್ಪಕೃತಿಯಲ್ಲ, ಹಾಗಾಗಿ ಅದಕ್ಕೆ ಅಲ್ಲಿ ಶಿಲ್ಪದ ಕೃತಿಸ್ವಾಮ್ಯವಿಲ್ಲ ಎಂದು ತೀರ್ಮಾನಿಸಿತು. ಅದೇ ತೀರ್ಪಿನಲ್ಲಿ, ಅಮೆರಿಕದ ಕೃತಿಸ್ವಾಮ್ಯದ ಉಲ್ಲಂಘನೆಯ ದೂರನ್ನು ಇಂಗ್ಲೆಂಡಿನ ನ್ಯಾಯಾಲಯ ವಿಚಾರಿಸಬಹುದೆಂದೂ ಹೇಳಿತು.

ಬಣ್ಣ ಮತ್ತು ಬಿಗಿತ

ಬಣ್ಣದಲ್ಲಿ ಮೂಲವನ್ನು ಮತ್ತೊಮ್ಮೆ ನೋಡಬೇಕು. ಎಲ್ಲರ ನೆನಪಿನಲ್ಲೂ ಕಪ್ಪಾಗಿರುವ ವೇಡರನ ಹೆಲ್ಮೆಟ್ 1977ರ ಚಿತ್ರದಲ್ಲಿ ಹೊಳಪಿನ ಕಪ್ಪು ಮತ್ತು ಗನ್‌ಮೆಟಲ್ ಬೂದು ಎಂಬ ಎರಡು ಬಣ್ಣಗಳದ್ದು. ಕ್ರೋಮ್ ಬಣ್ಣದ ಕೆಳಗೆ ಕನ್ನಡಿಯಂಥ ಹೊಳಪಿನ ಕಪ್ಪು ಇರಲೇಬೇಕು, ಅದರ ಮೇಲೆ ಸಾಮಾನ್ಯ ಪಾರದರ್ಶಕ ಲೇಪ ಹೊಡೆದರೆ ಕ್ರೋಮ್ ಮಂಕಾಗಿ ಬರಿಯ ಬೆಳ್ಳಿ ಬಣ್ಣವಾಗುತ್ತದೆ. ಬಣ್ಣ ಕಿತ್ತ ಲೋಹದಂತೆ ತೋರಿಸಲು ಎರಡು ವಿಧಾನಗಳಿವೆ. ಮೇಲಿನ ಬಣ್ಣದ ಮೇಲೆ ಬೆಳ್ಳಿಯ ಚುಕ್ಕೆ ಇಡುವುದು ಬೇಗ ಮುಗಿಯುತ್ತದೆ, ಆದರೆ ಚುಕ್ಕೆಗಳು ಮೇಲೇ ಕುಳಿತಂತೆ ಕಾಣುತ್ತವೆ. ಮೊದಲು ಬೆಳ್ಳಿ ಬಳಿದು, ಕೀಳಬೇಕಾದ ಕಡೆ ಒಣಗಿದ ಮೇಲೆ ಸುಲಿಯಬಹುದಾದ ಮರೆದ್ರವ (ಮಾಸ್ಕಿಂಗ್ ಫ್ಲೂಯಿಡ್) ಹಚ್ಚಿ, ಮೇಲೆ ಬಣ್ಣ ಬಳಿದು ಆಮೇಲೆ ಸುಲಿದರೆ, ಅಂಚಿನಲ್ಲಿ ಬಣ್ಣದ ದಪ್ಪವೇ ಮೆಟ್ಟಿಲಾಗಿ ಕಂಡು ನಿಜವೆನ್ನಿಸುತ್ತದೆ. ಕೀಳುವ ಜಾಗಗಳನ್ನು ಚಿತ್ರದಿಂದ ನೋಡಿ ಗುರುತಿಸಬೇಕು. ಮನಸ್ಸಿಗೆ ಬಂದಂತೆ ಚಿಮುಕಿಸಿದ ಗೀರುಗಳು ಬೇಗ ಗುಟ್ಟು ಬಿಟ್ಟುಕೊಡುತ್ತವೆ.

ಭಾಗಗಳನ್ನು ಮೈಗೆ ಕಟ್ಟುವ ಬಗೆಯಲ್ಲಿ ವೆಲ್ಕ್ರೋ, ಟಿಚ್ ಬಟನ್ ಮತ್ತು ಅಯಸ್ಕಾಂತಗಳ ನಡುವೆ ಆಯ್ಕೆಯಿದೆ. ವೆಲ್ಕ್ರೋ ಅಳತೆ ಹೊಂದಿಸಲು ಸುಲಭ, ಬೆವರಿನಲ್ಲಿ ಅದರ ಹಿಂಬದಿಯ ಅಂಟು ಬಿಡುತ್ತದೆ. ಅಯಸ್ಕಾಂತ ಮುಚ್ಚಳಗಳಿಗೆ ಚೆನ್ನ, ಭಾರ ಹೊರುವ ಕಡೆ ಜಾರುತ್ತದೆ. ಒಳಗೆ ಅಂಟಿಸಿದ ನೈಲಾನ್ ಪಟ್ಟಿಗೆ ಟಿಚ್ ಬಟನ್ ಕೂರಿಸಿ, ನಡುವೆ ಅಗಲ ಇಲಾಸ್ಟಿಕ್ ಕೊಡುವುದು ಎಲ್ಲಕ್ಕಿಂತ ನಂಬಿಕಸ್ತ. ಹರಿದರೆ ಇಲಾಸ್ಟಿಕ್ ಮಾತ್ರ ಬದಲಾಯಿಸಿದರೆ ಆಯಿತು. ತೊಡೆಯ ಕವಚಗಳನ್ನು ಸೊಂಟದ ಪಟ್ಟಿಯಿಂದ ತೂಗಿಬಿಡಬೇಕೇ ಹೊರತು ತೊಡೆಗೇ ಬಿಗಿಯಬಾರದು. ಹೆಲ್ಮೆಟ್ಟಿನೊಳಗೆ ಬರಿಯ ಫೋಮ್ ತುಂಡುಗಳಿಗಿಂತ ಕಾರ್ಮಿಕರ ಹೆಲ್ಮೆಟ್ಟಿನ ಒಳಪಟ್ಟಿ ಲೇಸು. ತಲೆ ತಿರುಗಿಸಿದಾಗ ಹೆಲ್ಮೆಟ್ಟೂ ಜೊತೆಗೇ ತಿರುಗುತ್ತದೆ, ಗಾಳಿಯೂ ಆಡುತ್ತದೆ. ಮಸೂರ ಉಸಿರಿಗೆ ಮಂಜುಗಟ್ಟದಿರಲು ಬಾಯಿಯ ಬಳಿ ಸಣ್ಣ ಫ್ಯಾನ್ ಇಟ್ಟುಕೊಳ್ಳುವುದನ್ನು ಮರೆಯಬಾರದು.

ಮೈಮೇಲೆ ಇಟ್ಟು ನೋಡುವುದು

ಎಲ್ಲ ಭಾಗಗಳೂ ಸಿದ್ಧವಾದ ಮೇಲೆ, ಯಾವುದನ್ನೂ ಕಾಯಂ ಆಗಿ ಕೂರಿಸುವ ಮೊದಲು, ಪೇಂಟರುಗಳು ಬಳಸುವ ಕಾಗದದ ಟೇಪಿನಿಂದ ಮೈಗೆ ಕಟ್ಟಿಕೊಂಡು, ಮೂಲದ ಒಂದು ಪೂರ್ಣ ದೇಹದ ಚಿತ್ರದಲ್ಲಿರುವ ಭಂಗಿಯಲ್ಲೇ ನಿಂತು, ಕ್ಯಾಮೆರಾವನ್ನು ಎದೆಯ ಎತ್ತರದಲ್ಲಿ ಸಾಕಷ್ಟು ದೂರದಲ್ಲಿಟ್ಟು ಫೋಟೋ ತೆಗೆಸಿಕೊಳ್ಳಬೇಕು. ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ. ಎರಡೂ ಚಿತ್ರಗಳಲ್ಲಿ ಹೆಲ್ಮೆಟ್ಟಿನ ಎತ್ತರವನ್ನು ಒಂದೇ ಮಾಡಿ ಪಕ್ಕದಲ್ಲಿಟ್ಟರೆ, ಎದೆಯ ಹಲಗೆ ಎಷ್ಟು ಕೆಳಗಿದೆ, ಬೆಲ್ಟು ಹೊಟ್ಟೆಯ ಹಲಗೆಯ ಯಾವ ಗುಂಡಿಯ ಮಟ್ಟದಲ್ಲಿದೆ, ಮುಂಗೈಯ ಕವಚ ಮಣಿಕಟ್ಟಿನಿಂದ ಎಷ್ಟು ದೂರ ಎಂಬುದು ಅಳೆಯದೆಯೇ ತಿಳಿಯುತ್ತದೆ. ಹೆಚ್ಚಿನ ಉಡುಪುಗಳಲ್ಲಿ ತಪ್ಪು ಭುಜದ ಪಟ್ಟಿಯ ಉದ್ದದಲ್ಲಿರುತ್ತದೆ: ಎದೆ ಎರಡು ಬೆರಳು ಮೇಲೇರಿದರೆ ಕೆಳಗಿನ ಎಲ್ಲವೂ ತಾನಾಗಿ ಸರಿಹೋಗುತ್ತದೆ. ನಂತರ ನಡೆದು, ಕುಳಿತು, ಕೈ ಎತ್ತಿ ನೋಡಿ, ಎಲ್ಲಿ ಅಂಚು ಚುಚ್ಚುತ್ತದೆಯೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಒಮ್ಮೆಗೆ ಎರಡು-ಮೂರು ಮಿಲಿಮೀಟರಿಗಿಂತ ಹೆಚ್ಚು ಕತ್ತರಿಸದೆ, ಮತ್ತೆ ಟೇಪು ಕಟ್ಟಿ, ಮತ್ತೆ ಫೋಟೋ ತೆಗೆಸಬೇಕು. ಎರಡು ಚಿತ್ರಗಳು ಹೊಂದಿದ ಮೇಲೆ ಟೇಪು ಕಿತ್ತು ಟಿಚ್ ಬಟನ್‌ಗಳನ್ನು ಬಡಿಯಬಹುದು.